ರೊಟ್ಟಿ ಬಡಿಯಲು ಒಂದು ಬಾಡಿಗೆ ಮನೆ

ಶರಣವ್ವ ಬಾಡಿಗೆ ಮನೆ ನೋಡಲು ಹೊರಟಳೆಂದರೆ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಚೀಲ. ಕೊಡೆ ಬಿಸಿಲಿಗೆ. ಚೀಲದಲ್ಲಿ ರೊಟ್ಟಿ ಬಡಿಯುವ ಕಟ್ಟಿಗೆ ಮಣೆ. ಮನೆ ನೋಡಲು ಹೋಗುವವರಿಗೆ ಮಣೆ ಯಾತಕ್ಕೆ ಎಂದು ಮೊದಲ ದಿನ ನಾನೂ ಕೇಳಿದೆ.

“ಗ್ವಾಡಿ, ಬಾಗಲಾ ಎಲ್ಲಾರೂ ನೋಡ್ತಾರ ಅಂಬಕ್ಕಾ. ನಾ ನೆಲಾ ಕೇಳಬೇಕು,” ಅಂದಳು.

ನೆಲ ಕೇಳುವುದು! ಎಪ್ಪತ್ತೆರಡು ವರ್ಷದಲ್ಲಿ ಇಂಥ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಆದರೆ ಅವಳ ಕಸುಬು ಗೊತ್ತಿದ್ದವರಿಗೆ ಅದರಲ್ಲಿ ನಗುವಂಥದ್ದೇನೂ ಇಲ್ಲ.

ಶರಣವ್ವ ಅಮ್ಮಿನಬಾವಿಯವಳು. ಲಾರಿ ನಡೆಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಮಗಳನ್ನೂ ಈ ಮಣೆಯನ್ನೂ ಕಟ್ಟಿಕೊಂಡು ಧಾರವಾಡಕ್ಕೆ ಬಂದಳು. ಬಂದು ಒಂಬತ್ತು ವರ್ಷವಾಯಿತು. ಮಗಳು ಈಗ ನರ್ಸಿಂಗ್ ಕಲಿಯುತ್ತ ಹಾಸ್ಟೆಲಿನಲ್ಲಿದ್ದಾಳೆ. ಮಣೆ ಮಾತ್ರ ಅವ್ವನ ಜೊತೆಗಿದೆ. ಅವಳ ಅವ್ವ, ಅವ್ವನ ಅವ್ವ ಎಲ್ಲರೂ ಬಡಿದು ಬಡಿದು ಅದರ ನಡುಮಧ್ಯ ತಾಟಿನ ಹಾಗೆ ತಗ್ಗಾಗಿದೆ. ಅದರ ಮೇಲೆ ದಿನಕ್ಕೆ ಇನ್ನೂರು ಜೋಳದ ರೊಟ್ಟಿ. ಅರ್ಧಕ್ಕೂ ಹೆಚ್ಚು ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಶಿದ್ದಪ್ಪನ ಖಾನಾವಳಿಗೆ, ಉಳಿದದ್ದು ಮನೆ ಮನೆಗೆ. ಬೆಳಿಗ್ಗೆ ಐದಕ್ಕೆ ಹಿಟ್ಟು ನಾದಿ ಕೂತಳೆಂದರೆ ತಪತಪ ತಪತಪ ಶುರು. ನಮ್ಮ ಹೊಸಯಲ್ಲಾಪುರದ ಓಣಿಯಲ್ಲಿ ಗಡಿಯಾರಕ್ಕೆ ಅಲಾರಾಂ ಇಡುವವರೇ ಇರಲಿಲ್ಲ.

ನಮ್ಮ ಮನೆಯ ಎದುರಿಗಿದ್ದ ಚಾಳದಲ್ಲಿ ಅವಳದು ಮೊದಲ ಖೋಲಿ, ಕೆಳಗೆ ಕಲ್ಲಿನ ನೆಲ. ಈ ವರ್ಷ ಆ ಚಾಳವನ್ನು ಮಾಲಕರು ಮಾರಿದರು. ಕೊಂಡವರು ಅಲ್ಲಿ ನಾಲ್ಕು ಅಂತಸ್ತು ಏರಿಸುವವರಿದ್ದಾರೆ. ಇದ್ದ ಏಳು ಕುಟುಂಬಗಳಿಗೆ ಮೂರು ತಿಂಗಳ ವಾಯಿದೆ ಕೊಟ್ಟರು. ಆರು ಕುಟುಂಬ ಅಲ್ಲಿ ಇಲ್ಲಿ ಮನೆ ಹಿಡಿದು ಹೋದವು. ಶರಣವ್ವ ಒಬ್ಬಳೇ ಉಳಿದಳು. ಬಾಡಿಗೆ ಎಲ್ಲೆಲ್ಲೂ ಏರಿದೆ, ಅದು ಒಂದು ತೊಂದರೆ. ಅದಕ್ಕಿಂತ ದೊಡ್ಡದು ಆ ತಪತಪ. ನೆಲಮಟ್ಟದ ಖೋಲಿಗಳೆಲ್ಲ ಅಂಗಡಿಗಳಾಗಿವೆ, ಇಲ್ಲವೆಂದರೆ ಮಾಲಕರೇ ಕೆಳಗಿದ್ದಾರೆ. ಬಾಡಿಗೆಗೆ ಸಿಗುವುದೆಲ್ಲ ಮೇಲಿನದು. ಮೇಲೆ ರೊಟ್ಟಿ ಬಡಿದರೆ ಕೆಳಗಿನವರ ತಲೆಯ ಮೇಲೆ ಬಡಿದ ಹಾಗೆ.

“ಅಮಾಸಿ ಒಳಗ ಮನಿ ಸಿಗಲಿಲ್ಲಂದ್ರ ಅಮ್ಮಿನಬಾವಿಗೆ ಹೊಳ್ಳಿ ಹೋಗೂದ ನೋಡ್ರಿ. ಅಲ್ಲಿ ರೊಟ್ಟಿ ಯಾರ ಕೊಳ್ತಾರ? ಮನಿಗೊಬ್ಬಾಕಿ ಬಡ್ಯಾಕಿ ಅದಾಳ,” ಅಂದಳು. ವಾಯಿದೆ ಮುಗಿಯುವ ಅಮಾವಾಸ್ಯೆಗೆ ಉಳಿದದ್ದು ಎಂಟೇ ದಿನ.

ನಮ್ಮ ಮನೆಯಲ್ಲಿ ಇಟ್ಟುಕೊಳ್ಳೋಣವೆಂದರೆ ಎರಡು ಖೋಲಿಯಲ್ಲಿ ನಾವೇ ಆರು ಮಂದಿ. ನನ್ನಿಂದ ಆಗುವ ಉಪಕಾರವೆಂದರೆ ಜೊತೆಗೆ ಹೋಗುವುದು. ಒಬ್ಬಳೇ ಹೆಂಗಸು ಬಂದರೆ ಮಾಲಕರು ಬಾಗಿಲನ್ನು ಅರ್ಧ ತೆರೆಯುತ್ತಾರೆ. ಪಕ್ಕದಲ್ಲಿ ಬಿಳಿ ತಲೆಯೊಂದು ಇದ್ದರೆ ಪೂರ್ತಿ ತೆರೆದು ಕುಡಿಯಲು ನೀರು ಕೊಡುತ್ತಾರೆ.

ಮೊದಲು ಹೋದದ್ದು ಬೈರಿದೇವರಕೊಪ್ಪದ ಒಂದು ಅಪಾರ್ಟ್‌ಮೆಂಟಿಗೆ. ಧಾರವಾಡ-ಹುಬ್ಬಳ್ಳಿ ನಡುವೆ ಓಡುವ ಚಿಗರಿ ಎಂಬ ಎಸಿ ಬಸ್ಸಿನಲ್ಲಿ ತಣ್ಣಗೆ ಕೂತು ಹೋದೆವು. ಮೂರನೆಯ ಅಂತಸ್ತು, ಸಣ್ಣ ಫ್ಲ್ಯಾಟು, ಕನ್ನಡಿಯ ಹಾಗೆ ಹೊಳೆಯುವ ಟೈಲ್ಸ್. ಅಲ್ಲಿಯ ಸೆಕ್ರೆಟರಿ ವಿಜಯೀಂದ್ರ ಎಂಬ ತರುಣ ಕೀಲಿ ತೆಗೆದು ತೋರಿಸಿದ. ಲಿಫ್ಟ್ ಅದ, ಕ್ಯಾಮೆರಾ ಅದ, ನೀರು ಎಂಟು ದಿನಕ್ಕೊಮ್ಮೆ ಬಂದರೂ ಟಾಕಿ ದೊಡ್ಡದದ ಎಂದು ಒಂದೊಂದೇ ಹೇಳುತ್ತಿದ್ದ. ಶರಣವ್ವ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಅಡುಗೆಮನೆಗೆ ಹೋಗಿ ಮಣೆ ಇಟ್ಟು, ಸೆರಗು ಸಿಕ್ಕಿಸಿ, ಬರಿಗೈಯಲ್ಲಿ ಏಳೆಂಟು ಪೆಟ್ಟು ಹಾಕಿದಳು.

ಕೆಳಗಿನ ಬಾಗಿಲು ಧಡಾರನೆ ತೆರೆದ ಸಪ್ಪಳ. ಒಬ್ಬ ಹೆಣ್ಣುಮಗಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.

“ಯಾರ್ರಿ ಅದು, ಗ್ವಾಡಿಗೆ ಮೊಳಿ ಹೊಡಿಲಿಕ್ಕತ್ತವರು? ನಮ್ಮ ಫ್ಯಾನ್ ಅಳ್ಳಾಡಲಿಕ್ಕತ್ತದ!”

ಶರಣವ್ವ ಮಣೆಯನ್ನು ಮೆಲ್ಲಗೆ ಚೀಲದೊಳಗೆ ಇಟ್ಟಳು. “ನೋಡ್ರಿ ತಮ್ಮಾ,” ಎಂದು ವಿಜಯೀಂದ್ರನಿಗೆ ಅಂದಳು, “ನಿಮ್ಮ ನೆಲಾ ಚೊಲೋ ಐತಿ, ಖರೇ ಭಾಳ ಚಾಡಿಕೋರ ಐತಿ.”

ಎರಡನೆಯದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. ಹುಸೇನಬಾಷಾ ಎಂಬಾತನ ಗ್ಯಾರೇಜಿನ ಹಿಂದೆ ನೆಲಮಟ್ಟದ ಎರಡು ಖೋಲಿ. ಆತನ ಕೆಲಸ ಡಿಕ್ಕಿ ಹೊಡೆದ ಕಾರುಗಳ ತಗಡನ್ನು ಬಡಿದು ಸರಿಮಾಡುವುದು. ನಾವು ಹೋದಾಗ ಒಂದು ಬಾಗಿಲನ್ನು ನೆಲಕ್ಕೆ ಹಾಕಿ ಸುತ್ತಿಗೆಯಿಂದ ಹೊಡೆಯುತ್ತಿದ್ದ. ಶರಣವ್ವ ಚೀಲದಿಂದ ಮಣೆ ತೆಗೆಯಲು ಹೋದರೆ ನಗತೊಡಗಿದ.

“ಅದೇನ ಕೇಳೂದೈತಿ ಅಕ್ಕಾ? ನಾ ಮುಂಜಾನಿಂದ ಸಂಜಿತನಾ ಕಬ್ಬಣ ಬಡಿತೇನಿ. ನೀವು ರೊಟ್ಟಿ ಬಡೀರಿ. ಯಾರ ಸಪ್ಪಳ ದೊಡ್ಡದು ನೋಡೂಣು.”

ಅವನ ಹೆಂಡತಿ ಖಾತುನಬಿ ಚಹಾ ತಂದುಕೊಟ್ಟಳು. ಬಾಡಿಗೆಯೂ ಹಗುರ. ಶರಣವ್ವನ ಮುಖ ಅರಳಿತು. ಆದರೆ ಅವಳು ಎಲ್ಲವನ್ನೂ ಮಾಡಿ ನೋಡುವವಳು. ಮರುದಿನ ಬೆಳಿಗ್ಗೆ ನಲವತ್ತು ರೊಟ್ಟಿ ಮಾಡಿ, ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟು, ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಹತ್ತಿಸಿಕೊಂಡು ಹೋಗಿ, ಅಲ್ಲಿಂದ ಹೊಳ್ಳಿ ತಂದಳು. ಬರುವಾಗ ಕಾಲೇಜಿನ ಹುಡುಗರ ಗದ್ದಲ. ಬುಟ್ಟಿ ಬಿಚ್ಚಿ ನೋಡಿದರೆ ಮೇಲಿನವು ಚೂರಾಗಿದ್ದವು, ಕೆಳಗಿನವು ಬೆವೆತು ಮೆತ್ತಗಾಗಿದ್ದವು. ಎಂಟು ಗಂಟೆಗೆ ಬಿಸಿ ರೊಟ್ಟಿ ಬೇಕೆನ್ನುವ ಧಾರವಾಡದ ಮನೆಗಳಿಗೆ ಅದನ್ನು ಹೇಗೆ ಕೊಡುವುದು? ಹುಸೇನಬಾಷಾನಿಗೆ ಫೋನ್ ಮಾಡಿ ಬೇಡವೆಂದಳು. “ಹದಿನೈದ ದಿನಾ ನಿಮ್ಮ ಹೆಸರಲೇ ಖಾಲಿ ಇಡ್ತೇನಿ, ವಿಚಾರ ಮಾಡ್ರಿ ಅಕ್ಕಾ,” ಎಂದನಂತೆ ಪುಣ್ಯಾತ್ಮ.

ಆ ಹೊತ್ತಿಗೆ ನಮ್ಮ ಭಜನೆಗೆ ಬರುವವರೊಬ್ಬರು ಮಾಳಮಡ್ಡಿಯ ಏಕನಾಥ ಮಾಸ್ತರರ ಮನೆಯ ಸುದ್ದಿ ಹೇಳಿದರು. ಮಾಸ್ತರರು ಸಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಮಗ ಬೆಳಗಾವಿಯಲ್ಲಿ ನೌಕರಿ ಮಾಡುತ್ತಾನೆ, ಭಾನುವಾರ ಬರುತ್ತಾನೆ. ಮನೆಯಲ್ಲಿ ಅವರು, ಬ್ಯಾಂಕಿಗೆ ಹೋಗುವ ಸೊಸೆ ಸುರಭಿ. ಮೇಲೆ ಒಂದು ಖೋಲಿ, ಅಡುಗೆಮನೆ. ಬಾಡಿಗೆ ಶರಣವ್ವ ಮನಸ್ಸಿನಲ್ಲಿ ಇಟ್ಟುಕೊಂಡಷ್ಟೇ. ಖಾನಾವಳಿಗೆ ನಡೆದು ಹೋಗುವ ದೂರ.

ಮಾಸ್ತರರು ಜೋಕಾಲಿಯ ಮೇಲೆ ಕೂತು ನಮ್ಮನ್ನು ವಿಚಾರಿಸಿದರು. ಪಕ್ಕದ ಮೇಜಿನ ಮೇಲೆ ಯಾವುದೋ ಖಾನಾವಳಿಯ ಸ್ಟೀಲ್ ಡಬ್ಬಿ ತೊಳೆದು ಬೋರಲು ಹಾಕಿದ್ದು ನನ್ನ ಕಣ್ಣಿಗೆ ಬಿತ್ತು. ಈಗಿನ ಮನೆಗಳಲ್ಲಿ ಅದು ಹೊಸದೇನಲ್ಲ ಎಂದು ಸುಮ್ಮನಿದ್ದೆ.

ಶರಣವ್ವ ಸುಳ್ಳು ಹೇಳುವವಳಲ್ಲ. “ನಾ ರೊಟ್ಟಿ ಬಡಿತೇನ್ರಿ. ಮುಂಜಾನೆ ಐದಕ್ಕ ಚಾಲೂ ಮಾಡ್ತೇನಿ,” ಅಂದಳು.

ಮಾಸ್ತರರು ಜೋಕಾಲಿ ನಿಲ್ಲಿಸಿದರು. “ಐದಕ್ಕ ನನ್ನ ರಿಯಾಜು ಇರತದ್ರಿ. ಐವತ್ತು ವರ್ಷದ್ದು. ಆರೂವರಿ ತನಕಾ ಹುಡುಗೂರು ಬರತಾರ. ನಾವು ಕೆಳಗ ಷಡ್ಜಾ ಹಚ್ಚೂದು, ನೀವು ಮ್ಯಾಲೆ ಧಬಧಬಾ ಬಡಿಯೂದು... ಹೆಂಗ ನಡೀತದ?”

“ಆರೂವರಿಗೆ ಚಾಲೂ ಮಾಡಿದ್ರ ಎಂಟಕ್ಕ ಮುಗಿಯಂಗಿಲ್ರಿ.”

“ಬಡಿಯೂದ್ಯಾಕ? ಲಟ್ಟಿಸ್ರಿ. ಚಪಾತಿ ಲಟ್ಟಿಸೂದಿಲ್ಲೇನು? ಸಪ್ಪಳನ ಇಲ್ಲ.”

“ಜ್ವಾಳದ ರೊಟ್ಟಿ ಲಟ್ಟಿಸಿದ್ರ ಅದು ರೊಟ್ಟಿ ಆಕೈತೇನ್ರಿ?”

“ಎರಡೂ ದುಂಡಗ ಇರತಾವ, ಎರಡೂ ಜ್ವಾಳದ್ದ. ಬಾಯಿಗೇನ ಗೊತ್ತಾಗತದ?” ಎಂದು ಮಾಸ್ತರರು ಮತ್ತೆ ಜೋಕಾಲಿ ತೂಗಿದರು.

ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ಶರಣವ್ವ ಬಹಳ ಹೊತ್ತು ನಿಂತಳು. ಅಮಾವಾಸ್ಯೆ ಮೂರು ದಿನಕ್ಕೆ ಬಂದಿತ್ತು. “ಲಟ್ಟಿಸಿ ನೋಡ್ತೇನಿ ತಗೋರಿ,” ಅಂದಳು. ಹೇಳುವಾಗ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು.

ಮೇಲಿನ ಖೋಲಿಗೆ ಬಂದಳು. ಹಂಚು, ಹಿಟ್ಟು ನಾದುವ ಪರಾತ, ಹಿಟ್ಟಿನ ಡಬ್ಬಿ ಎಲ್ಲ ಹೊಂದಿಸಿದಳು. ಮಣೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ಚೀಲದ ಸಮೇತ ಮೂಲೆಗೆ ಆನಿಸಿ ಇಟ್ಟಳು. ಪೇಟೆಯಿಂದ ಹೊಸ ಲಟ್ಟಣಿಗೆ ತಂದಳು. ನಾನು ನೋಡಲು ಹೋದ ದಿನ ಎಷ್ಟು ಶಾಂತ! ಕೆಳಗೆ ತಂಬೂರಿ, ಮೇಲೆ ಲಟ್ಟಣಿಗೆ. ಆದರೆ ರೊಟ್ಟಿಯ ಅಂಚು ಸೀಳುತ್ತಿತ್ತು. ಸೀಳದಿರಲೆಂದು ದಪ್ಪ ಮಾಡಿದರೆ ಹಂಚಿನ ಮೇಲೆ ಉಬ್ಬುತ್ತಿರಲಿಲ್ಲ. ಕೈಯಿಂದ ಬಡಿದ ರೊಟ್ಟಿ ಹಂಚಿನ ಮೇಲೆ ಉಸಿರು ತುಂಬಿಕೊಂಡು ಏಳುತ್ತದೆ. ಇದು ಮುನಿಸಿಕೊಂಡವರ ಹಾಗೆ ಚಪ್ಪಟೆ ಬಿದ್ದಿತ್ತು.

“ಹತ್ತ ವರ್ಷದಾಕಿ ಇದ್ದಾಗಿಂದ ಬಡದೇನಿ ಅಂಬಕ್ಕಾ. ಈಗ ನನ್ನ ಕೈಗೆ ಕೆಲಸನ ಇಲ್ಲಧಂಗ ಆಗೇತಿ,” ಅಂದಳು ಶರಣವ್ವ.

ಐದನೆಯ ದಿನ ಶಿದ್ದಪ್ಪ ಹೇಳಿಕಳಿಸಿದ. ಅವಳ ಜೊತೆ ನಾನೂ ಹೋದೆ. ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಗಲ್ಲಾದ ಹಿಂದೆ ಕೂತಿದ್ದ ಶಿದ್ದಪ್ಪ ಮುಖ ತಗ್ಗಿಸಿಕೊಂಡೇ ಮಾತಾಡಿದ.

“ಶರಣಕ್ಕಾ, ನಾ ಏನ ಮಾಡ್ಲಿ ಹೇಳು. ನಿನ್ನೆ ಐದ ಮಂದಿ ರೊಟ್ಟಿ ಬಿಟ್ಟು ಬರೇ ಅನ್ನಾ ಉಂಡ ಹೋದ್ರು. ಒಬ್ಬಾಂವ ಕೇಳಿದಾ, ಇದೇನ ಶಿದ್ದಪ್ಪಾ, ಚಪ್ಪಲಿ ಅಂಗಡಿ ಇಟ್ಟೀಯೇನು ಅಂತ.”

“ಮಾಲಕರು ಬಡ್ಯಾಕ ಬಿಡವಲ್ರು ಅಣ್ಣಾ.”

“ನನಗ ತಿಳಿತೈತಿ. ಗಿರಾಕಿಗೆ ಹೆಂಗ ತಿಳಿಸಲಿ? ಸೋಮವಾರ ತನಕಾ ನೋಡ್ತೇನಿ. ಆಮ್ಯಾಲೆ ಗರಗ ಊರಾಕಿ ಒಬ್ಬಾಕಿಗೆ ಹೇಳ್ತೇನಿ. ಸಿಟ್ಟ ಮಾಡ್ಕೋಬ್ಯಾಡವ್ವಾ.”

ಶರಣವ್ವ ಒಳಗಿನ ಬೆಂಚಿನ ತುದಿಗೆ ಹೋಗಿ ಕೂತಳು. ನಾನು ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಹೊರಗಿನಿಂದ ಬಿಸಿಲಿನಲ್ಲಿ ಯಾರೋ ಒಳಬಂದು, ಗಲ್ಲಾದ ಮೇಲೆ ಸ್ಟೀಲ್ ಡಬ್ಬಿಯನ್ನು ಠಣ್ಣೆಂದು ಇಟ್ಟರು. ನೋಡುತ್ತೇನೆ, ಏಕನಾಥ ಮಾಸ್ತರರು! ಬೆಳಕಿನಿಂದ ಬಂದ ಕಣ್ಣಿಗೆ ಮೂಲೆಯಲ್ಲಿದ್ದ ನಾವು ಕಾಣಲಿಲ್ಲ.

“ಏನ್ರೀ ಶಿದ್ದಪ್ಪಾ, ನಿಮ್ಮ ರೊಟ್ಟಿ ಮಾಡಾಕಿ ತೀರಿಕೊಂಡ್ಲೇನು?”

“ಇಲ್ರೀ ಮಾಸ್ತರ, ಗಟ್ಟಿಮುಟ್ಟ ಅದಾಳ್ರಿ. ಮನಿ ಬದ್ಲಿ ಮಾಡ್ಯಾಳ್ರಿ.”

“ಮನಿ ಬದ್ಲಿ ಮಾಡಿದ್ರ ಕೈ ಬದ್ಲಿ ಆಗತದೇನು? ಏಳು ವರ್ಷಾತು ನಿಮ್ಮ ಡಬ್ಬಿ ತರಸ್ಲಿಕ್ಕತ್ತು. ಈ ವಾರದ್ದು ಹಲ್ಲಿಗೆ ಶಿಕ್ಷಾ ಕೊಟ್ಟಂಗ ಅದ. ನಮ್ಮ ಸೊಸಿ ಅಂತೂ ನಾಯಿಗೆ ಹಾಕಿದ್ಲು. ನಾಯಿ ಮೂಸಿ ನೋಡಿ ನಮ್ಮ ಮಾರೀನ ನೋಡ್ತು.”

“ಏನ ಮಾಡೂದ್ರಿ, ಹೊಸಾ ಮನಿ ಮಾಲಕ ಬಡ್ಯಾಕ ಬಿಡೂದಿಲ್ಲಂತ. ಲಟ್ಟಸಂತ ಹೇಳ್ಯಾನಂತ.”

ಮಾಸ್ತರರಿಗೆ ಸಿಟ್ಟು ನೆತ್ತಿಗೇರಿತು. “ಯಾರವಾ ಅಂವಾ? ರೊಟ್ಟಿ ಬಡೀಬ್ಯಾಡ ಅನ್ನೋ ಮನಶಾ ನಮ್ಮ ಧಾರವಾಡದಾಗ ಅದಾನ? ಜ್ವಾಳಾ ಕಣ್ಣೀಲೆ ಕಂಡಾನೋ ಇಲ್ಲೋ? ಅಂಥಾವನ ಮನಿ ಇವತ್ತ ಬಿಡಂತ ಹೇಳ್ರಿ ಅಕಿಗೆ!”

ಶರಣವ್ವ ಎದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಗಲ್ಲಾದ ಮುಂದೆ ಬಂದು ನಿಂತಳು.

“ಹಂಗಾದ್ರ ಬಿಡ್ಲಿರಿ, ಮಾಸ್ತರ?”

ಶಿದ್ದಪ್ಪನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಮಾಸ್ತರರಿಗೆ ಒಮ್ಮೆಗೇ ಎಲ್ಲ ತಿಳಿಯಿತು. ಅವರು ಡಬ್ಬಿ ನೋಡಿದರು, ಶರಣವ್ವನನ್ನು ನೋಡಿದರು. ಚಷ್ಮಾ ತೆಗೆದು ಧೋತರದ ಅಂಚಿನಿಂದ ಒರೆಸತೊಡಗಿದರು. ಒರೆಸಿಯೇ ಒರೆಸಿದರು.

“ಬಾಯಿಗೇನ ಗೊತ್ತಾಗತದ ಅಂದಿದ್ರಲ್ಲರೀ,” ಎಂದೆ ನಾನು. ಅನ್ನಬಾರದಿತ್ತು. ಬಾಯಿ ತಡೆಯಲಿಲ್ಲ.

“ಗೊತ್ತಾತ್ರೀ ಅಂಬಾಬಾಯಿ. ಭಾಳ ಛಲೋ ಗೊತ್ತಾತು,” ಎಂದರು ಮಾಸ್ತರರು.

ಶಿದ್ದಪ್ಪನ ನಗು ಆಗ ಹೊರಬಂತು. ಒಳಗೆ ಪಲ್ಯ ತಿರುವುತ್ತಿದ್ದವರೂ ಇಣುಕಿದರು.

ಆದರೆ ನಕ್ಕ ಮಾತ್ರಕ್ಕೆ ಕೆಲಸವಾಗುತ್ತದೆಯೇ? ಮನೆಯ ಕಡೆ ನಡೆಯುತ್ತ ಮಾಸ್ತರರು ಅಂದರು, “ತಪ್ಪು ನಂದ. ಖರೇ ರಿಯಾಜು ಬಿಡಲಿಕ್ಕೆ ಆಗೂದಿಲ್ರಿ. ಹುಡುಗೂರಿಗೆ ಐದರ ಹೊತ್ತ ಛಲೋ.” ಶರಣವ್ವ ಅಂದಳು, “ನಾನೂ ನಿಮ್ಮ ಹಾಡಿಗೆ ಅಡ್ಡ ಬರಾಕಿ ಅಲ್ರಿ. ಎರಡ ದಿನಾ ತಡೀರಿ. ಗೋಕುಲ ರೋಡಿನಾಗ ಒಂದ ಮನಿ ಐತಿ, ಅಲ್ಲೇ ಹೋಗಿಬಿಡ್ತೇನಿ. ಧಾರವಾಡದ ಮನಿಗಳ ಬಿಟ್ಟು ಹುಬ್ಬಳ್ಳಿಯಾಗ ಹೊಸಾ ಗಿರಾಕಿ ಹುಡುಕಿದ್ರಾತು.” ಮೆಲ್ಲಗೆ ಅಂದಳು. ಒಂಬತ್ತು ವರ್ಷ ಒಂದೊಂದಾಗಿ ಕೂಡಿಸಿದ ಮನೆಗಳನ್ನು ಬಿಡುವುದು ಸುಲಭವಲ್ಲ ಎಂದು ನನಗೆ ಗೊತ್ತಿತ್ತು. ಮಾಸ್ತರರಿಗೂ ಗೊತ್ತಾಗಿರಬೇಕು, ಹೆಜ್ಜೆ ನಿಧಾನವಾಯಿತು.

ಅಂದು ಎರಡನೆಯ ಶನಿವಾರ, ಸುರಭಿಗೆ ಬ್ಯಾಂಕು ಇರಲಿಲ್ಲ. ಖಾನಾವಳಿಯಲ್ಲಿ ಆದದ್ದನ್ನು ನಾನು ಹೇಳುತ್ತ ಹೋದಂತೆ ಅವಳು ಬಾಗಿಲಿಗೆ ಆತುಕೊಂಡು ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಆಮೇಲೆ ಅಂದಳು.

“ಮಾವನವರ, ಹಿತ್ತಲದಾಗ ಕಟ್ಟಿಗಿ ಖೋಲಿ ಅದ ಅಲ್ಲ?”

“ಅಲ್ಲಿ ಸಾಮಾನ ಅವ.”

“ಸಾಮಾನ ಏನದ? ಹಳೇ ಪೇಪರು, ಹರಕ ತಬಲಾ ಎರಡು, ಮುರದ ಛತ್ರಿ.”

“ಆ ಪೇಪರಿನಾಗ ನನ್ನ ಹಾಡಿನ ಕಚೇರಿ ಸುದ್ದಿ ಬಂದದ್ದದ.”

“ಅದೊಂದು ತೆಗದಿಡೂಣ್ರಿ. ಉಳದ ಮೂವತ್ತು ವರ್ಷದ್ದು ಯಾಕ?”

ನಾವು ಹಿತ್ತಲಿಗೆ ಹೋದೆವು. ಒಲೆಗೆ ಕಟ್ಟಿಗೆ ಉರಿಸುವ ಕಾಲದಲ್ಲಿ ಕಟ್ಟಿದ ಖೋಲಿ. ಮನೆಯಿಂದ ಇಪ್ಪತ್ತು ಹೆಜ್ಜೆ ಹಿಂದೆ. ಎರಡು ಮೊಳದಷ್ಟು ದಪ್ಪ ಮಣ್ಣಿನ ಗೋಡೆ, ಹೆಂಚಿನ ಮಾಡು. ಕೆಳಗೆ ಕಲ್ಲು ಹಾಸಿದ ನೆಲ. ಶರಣವ್ವ ಆ ಕಲ್ಲನ್ನು ಕಾಲಿನಿಂದ ಒಮ್ಮೆ ತಟ್ಟಿದಳು. ಮೇಲೆ ಹೋಗಿ ಚೀಲ ತಂದಳು, ಹಿಂದೆಯೇ ಒಲೆ, ಹಂಚು, ಹಿಟ್ಟು ಇಳಿದು ಬಂದವು.

ಪರೀಕ್ಷೆಗೆ ಎಲ್ಲರಿಗೂ ಒಂದೊಂದು ಜಾಗ ಗೊತ್ತು ಮಾಡಿದೆವು. ಮಾಸ್ತರರು ಮುಂದಿನ ಪಡಸಾಲೆಯಲ್ಲಿ ತಂಬೂರಿ ಹಿಡಿದು ಕೂತರು. ಸುರಭಿ ಹಿತ್ತಲ ಬಾಗಿಲಲ್ಲಿ. ನಾನು ನಡುಮನೆಯಲ್ಲಿ, ಅತ್ತಣ ಸುದ್ದಿ ಇತ್ತ ಕೊಡಲು. ಮಾಸ್ತರರು ತಂತಿ ಮೀಟಿ, ಕಣ್ಣು ಮುಚ್ಚಿ ಸಣ್ಣಗೆ ಆಲಾಪ ಶುರುಮಾಡಿದರು. ಸ್ವಲ್ಪ ಹೊತ್ತಾಯಿತು. ಸುರಭಿ ನನಗೆ ಕೈಸನ್ನೆ ಮಾಡಿದಳು. ಮಾಸ್ತರರು ಒಂದು ಕಣ್ಣು ತೆರೆದು ಕೇಳಿದರು.

“ಚಾಲೂ ಮಾಡಂತ ಹೇಳ್ರಿ ಮತ್ತ. ಎಷ್ಟೊತ್ತು?”

“ಎರಡನೇ ರೊಟ್ಟಿ ಹಂಚಿಗೆ ಹೋತಂತ್ರೀ ಮಾಸ್ತರ!” ಎಂದೆ.

ಅವರು ತಂಬೂರಿ ಕೆಳಗಿಟ್ಟು ಕಿವಿ ಆಲಿಸಿದರು. ಬಹಳ ಗಮನವಿಟ್ಟರೆ ಎಲ್ಲೋ ದೂರದಲ್ಲಿ ಯಾರೋ ಮಗುವಿನ ಬೆನ್ನು ತಟ್ಟಿದ ಹಾಗೆ ಕೇಳುತ್ತಿತ್ತು. “ಕೇಳಸ್ತದ,” ಎಂದರು. ಆಮೇಲೆ ಅಂದರು, “ಕೇಳ್ಲಿ ಬಿಡ್ರಿ. ಅಷ್ಟ ಕೇಳಬೇಕು. ಇಲ್ಲಂದ್ರ ರೊಟ್ಟಿ ಲಟ್ಟಸಲಿಕ್ಕತ್ತಾಳೋ ಬಡೀಲಿಕ್ಕತ್ತಾಳೋ ನನಗ ಹೆಂಗ ಗೊತ್ತಾಗಬೇಕು?”

ಹಿತ್ತಲಿಗೆ ಹೋದೆವು. ಶರಣವ್ವ ಕಲ್ಲಿನ ಮೇಲೆ ಮಣೆ ಇಟ್ಟುಕೊಂಡು ಕೂತಿದ್ದಳು. ಎರಡೂ ಕೈಗೆ ಹಿಟ್ಟು, ಹಣೆಯ ಮೇಲೊಂದು ಬೆವರಿನ ಸಾಲು. ಹಂಚಿನ ಮೇಲಿನ ರೊಟ್ಟಿ ತುಂಬು ಬಸುರಿಯ ಹಾಗೆ ಉಬ್ಬಿ ನಿಂತಿತ್ತು. ಮಾಸ್ತರರು ಅಲ್ಲಿಯೇ ನಿಂತು, ಬೆಣ್ಣೆಯಿಲ್ಲ ಚಟ್ನಿಯಿಲ್ಲ, ಬರೀ ರೊಟ್ಟಿಯನ್ನೇ ಮುರಿದು ತಿಂದರು.

“ನಾಳಿಂದ ಆ ಡಬ್ಬಿ ಬಂದ್,” ಎಂದರು. “ಹಿತ್ತಲದಾಗ ಮಾಡಾಕಿ ಇದ್ದಾಗ ಬಸ್ ಸ್ಟ್ಯಾಂಡಿಂದ ಯಾಕ ತರಿಸೂದು? ನಮ್ಮ ಎರಡೂ ಹೊತ್ತಿನ ರೊಟ್ಟಿ ನೀವ ಕೊಡ್ರಿ.”

ಶರಣವ್ವ ತಲೆ ಎತ್ತದೆ ಇನ್ನೊಂದು ಉಂಡೆ ಮಣೆಗೆ ಇಟ್ಟಳು. “ಅದು ಆಗಂಗಿಲ್ರಿ.”

“ಯಾಕ?”

“ನೀವು ಶಿದ್ದಪ್ಪಣ್ಣನ ಗಿರಾಕಿ. ಅಂವಾ ನನ್ನ ಕಷ್ಟದಾಗ ಐದ ದಿನಾ ಚಪ್ಪಲಿ ಅಂಗಡಿ ಅಂತ ಅನಿಸ್ಕೊಂಡಾನ. ಅವನ ಗಿರಾಕಿ ನಾ ಕಸಗೊಂಡ್ರ ಚೊಲೋ ಕಾಣ್ತೈತೇನ್ರಿ? ನಿಮ್ಮ ರೊಟ್ಟಿ ಅಲ್ಲಿಂದನ ಬರಲಿ.”

ಮಾಸ್ತರರು ಸೊಸೆಯ ಮುಖ ನೋಡಿದರು. ಸೊಸೆ ನಗು ಮುಚ್ಚಿಕೊಳ್ಳಲು ಹರಕು ತಬಲಾ ಎತ್ತಿಕೊಂಡು ಒಳಗೆ ಹೋದಳು.

ಅದು ಆಗಿ ಈಗ ನಾಲ್ಕು ತಿಂಗಳು. ಹುಸೇನಬಾಷಾನ ಖೋಲಿಗೆ ಬೇರೆಯವರು ಬಂದರಂತೆ. ಮಣೆ ಹೊತ್ತು ತಿರುಗಿದ ಚೀಲದಲ್ಲಿ ಶರಣವ್ವ ಈಗ ಕಾಯಿಪಲ್ಯ ತರುತ್ತಾಳೆ. ಬೆಳಿಗ್ಗೆ ಮುಂದೆ ಹಾಡು, ಹಿಂದೆ ರೊಟ್ಟಿ. ಹತ್ತಕ್ಕೆ ಅವಳ ಬುಟ್ಟಿ ಶಿದ್ದಪ್ಪನ ಖಾನಾವಳಿಗೆ ಹೋಗುತ್ತದೆ. ಮಧ್ಯಾಹ್ನ ಒಂದಕ್ಕೆ ಆ ರೊಟ್ಟಿಗಳಲ್ಲೇ ನಾಲ್ಕು, ಡಬ್ಬಿಯೊಳಗೆ ಕೂತು ಮಾಳಮಡ್ಡಿಗೆ ಹೊಳ್ಳಿ ಬರುತ್ತವೆ. ಹಿತ್ತಲಿನಿಂದ ಮಾಸ್ತರರ ತಾಟಿಗೆ ಇಪ್ಪತ್ತೇ ಹೆಜ್ಜೆ. ರೊಟ್ಟಿ ಮಾತ್ರ ದಿನಾ ಹಳೇ ಬಸ್ ಸ್ಟ್ಯಾಂಡ್ ಸುತ್ತಿಕೊಂಡು ಬರುತ್ತದೆ.